ಆರನೇ ಮನೆಯಲ್ಲಿ ಅವರು

ನನ್ನ ಅತ್ತೆಯ ವಾರಕ್ಕೆ ಆರೇ ದಿನ. ನಂಬುವುದಿಲ್ಲವೇ? ಜೇವರ್ಗಿಗೆ ಬನ್ನಿ. ಯಡ್ರಾಮಿ ರಸ್ತೆಯಲ್ಲಿ ಹಿಟ್ಟಿನ ಗಿರಣಿಯ ಪಕ್ಕಕ್ಕಿರುವ ನಮ್ಮ ವರ್ಕ್‌ಶಾಪಿನ ಮುಂದೆ ನಿಂತು, "ಅಮ್ಮಾ, ಇವತ್ತು ಯಾವ ವಾರ?" ಎಂದು ಕೇಳಿ ನೋಡಿ. ಮಂಗಳವಾರದಿಂದ ಐತಾರದವರೆಗೆ ಯಾವ ದಿನ ಕೇಳಿದರೂ ಥಟ್ಟನೆ ಉತ್ತರ ಬರುತ್ತದೆ. ಉಳಿದ ಆ ಒಂದು ದಿನ ಮಾತ್ರ ಕೇಳಬೇಡಿ! ಕೇಳಿದಿರೋ, ಅತ್ತೆ ಸೆರಗು ಸರಿಮಾಡಿಕೊಂಡು, ಆಚೀಚೆ ನೋಡಿ, ದನಿ ತಗ್ಗಿಸಿ, "ಐತಾರದ ಮರುದಿನ ನೋಡ್ರಿ" ಎನ್ನುತ್ತಾರೆ.

ಕಾರಣ ಸರಳ. ತೀರಿಹೋದ ನನ್ನ ಮಾವನವರ ಹೆಸರು ಆ ದಿನದ ಹೆಸರಿನಿಂದಲೇ ಶುರುವಾಗುತ್ತದೆ. ಗಂಡನ ಹೆಸರು ಬಾಯಿಗೆ ಬರಬಾರದು ಎಂಬ ನೇಮ ನಮ್ಮ ಕಡೆಯ ಹಳೆಯ ಹೆಂಗಸರಿಗೆಲ್ಲ ಇದ್ದದ್ದೇ. ಆದರೆ ನಮ್ಮ ಅತ್ತೆ ಆ ನೇಮಕ್ಕೆ ಬೇಲಿ ಬೇರೆ ಹಾಕಿಕೊಂಡಿದ್ದಾರೆ. ಹೆಸರಿನ ನೆರಳು ಬಿದ್ದ ಶಬ್ದವನ್ನೂ ಅವರು ಮುಟ್ಟುವುದಿಲ್ಲ. ಇದರಿಂದ ನನಗೊಂದು ಲಾಭವಾಗಿದೆ. ಇಡೀ ಜಿಲ್ಲೆಯಲ್ಲಿ ಸೊಸೆಯನ್ನು "ಸೋಮಾರಿ" ಎಂದು ಬೈಯಲಾರದ ಅತ್ತೆ ಸಿಕ್ಕಿರುವುದು ನನಗೊಬ್ಬಳಿಗೇ! "ಮೈಗಳ್ಳಿ" ಎನ್ನುತ್ತಾರೆ ನಿಜ. ಆದರೆ ಬೈಯುವ ಮುಂಚೆ ಒಂದು ಕ್ಷಣ ಶಬ್ದ ಹುಡುಕುತ್ತಾರಲ್ಲ, ಅಷ್ಟರಲ್ಲಿ ನಾನು ಎದ್ದು ಕೆಲಸ ಶುರು ಮಾಡಿರುತ್ತೇನೆ.

ಒಮ್ಮೆ ಒಂದು ಕಚೇರಿಯಲ್ಲಿ ಅರ್ಜಿ ತುಂಬುತ್ತಿದ್ದ ಗುಮಾಸ್ತ "ಗಂಡನ ಹೆಸರು ಹೇಳ್ರಿ" ಎಂದ. ಅತ್ತೆ ಬಹಳ ವಿವರವಾಗಿಯೇ ಹೇಳಿದರು: "ಐತಾರದ ಮರುದಿನ ಬರ್ತದಲ್ರಿ, ಅದರ ಮೊದಲಿನ ಎರಡು ಅಕ್ಷರ ತಗೋರಿ. ಶಿವನ ಗುಡಿಯಾಗ ಇರ್ತದಲ್ಲ, ಅದನ್ನ ಸೇರಸ್ರಿ. ಹಿಂದ ಒಂದು ಅಪ್ಪ ಹಚ್ರಿ." ಗುಮಾಸ್ತ ಕಣ್ಣು ಮುಚ್ಚಿ ಯೋಚಿಸಿದ, ತಲೆಯಾಡಿಸಿದ, ಬರೆದುಕೊಂಡ. ತಿಂಗಳ ಮೇಲೆ ಕಾರ್ಡು ಬಂತು. ಗಂಡನ ಹೆಸರು: ಸೋಮಗಂಟೆಪ್ಪ! ಗುಡಿಯಲ್ಲಿ ಗಂಟೆಯೂ ಇರುತ್ತದಲ್ಲ, ಪಾಪ, ಅವನದೇನು ತಪ್ಪು? ಕೊನೆಗೆ ನನ್ನ ಗಂಡನೇ ಹೋಗಿ ತಂದೆಯ ಹೆಸರು ಹೇಳಿ ತಿದ್ದಿಸಿಕೊಂಡು ಬಂದರು. ಮಗನಿಗೆ ಆ ಅಡ್ಡಿಯಿಲ್ಲ. ಸೊಸೆಯಾದ ನನಗೆ ಇದೆ. ಬರೆದರೂ ಹೇಳಿದಂತೆಯೇ ಎಂಬುದು ಅತ್ತೆಯ ತೀರ್ಪು. ಆದ್ದರಿಂದ ಗಂಟೆಯನ್ನು ತೆಗೆದು ಹಾಕಿ ನೀವೇ ಜೋಡಿಸಿಕೊಳ್ಳಿ.

ಇಷ್ಟು ಕೇಳಿ, ಅತ್ತೆ ಯಾರೋ ಮೂಲೆಯಲ್ಲಿ ಕೂತ ಹಳೇ ಕಾಲದ ಹೆಂಗಸು ಎಂದುಕೊಂಡಿರೋ, ಕೆಟ್ಟಿರಿ! ಸೆರಗು ಸೊಂಟಕ್ಕೆ ಸಿಗಿಸಿ ಲೇಥಿನ ಮುಂದೆ ನಿಂತರೆಂದರೆ ಕಬ್ಬಿಣ ಕೂಡ ಮರ್ಯಾದೆಯಿಂದ ತಿರುಗುತ್ತದೆ. ಎಲ್ಲ ವಿದ್ಯೆಯೂ ಮಾವನವರಿಂದ ಕಲಿತದ್ದು. ಅತ್ತೆಯ ಅಳತೆ ಇಂದಿಗೂ ಸೂತಿನಲ್ಲಿ. ಒಂದು ಇಂಚಿಗೆ ಎಂಟು ಸೂತು. ಹತ್ತು ಹೆಜ್ಜೆ ದೂರದಿಂದ ನೋಡಿ "ಅರ್ಧ ಸೂತು ಜಾಸ್ತಿ ಅದ ಬೇ" ಎಂದರೆ ಅರ್ಧ ಸೂತೇ ಜಾಸ್ತಿ ಇರುತ್ತದೆ. ಆರು ವರ್ಷದ ಹಿಂದೆ ಮಾವನವರು ತೀರಿಕೊಂಡಾಗ ಶಟರು ಹದಿನೈದೇ ದಿನ ಕೆಳಗಿತ್ತಂತೆ. ಹದಿನಾರನೆಯ ದಿನ ಅತ್ತೆಯೇ ಎತ್ತಿದರು. ನಾನು ಈ ಮನೆಗೆ ಬಂದದ್ದು ಅದರ ಎರಡು ವರ್ಷದ ಮೇಲೆ. ಮಾವನವರನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ.

ಅತ್ತೆಗೆ ಇನ್ನೊಂದು ಚಾಳಿ. ದಿನಕ್ಕೆ ನಲವತ್ತು ಸಲ "ತಡೀ!" ಎಂದು ಕೂಗುವುದು. ಹಾಲು ಉಕ್ಕಿದರೆ ಹಾಲಿಗೆ, ಗಾಳಿ ಬಂದರೆ ಒಣಹಾಕಿದ ಬಟ್ಟೆಗೆ, ರಸ್ತೆಯಲ್ಲಿ ಹೋಗುವ ಬಸ್ಸಿಗೆ, ನಾನು ಸೀನುವ ಮುಂಚೆ ಮೂಗು ಸೊಟ್ಟಗೆ ಮಾಡಿದರೆ ನನಗೂ "ತಡೀ ಬೇ!" ಮೊದಮೊದಲು ಬೆಚ್ಚಿ ನಿಲ್ಲುತ್ತಿದ್ದೆ. ನಾಲ್ಕು ವರ್ಷವಾದ ಮೇಲೆ ನನ್ನ ಕಿವಿ ಅದನ್ನು ಪಕ್ಕದ ಗಿರಣಿಯ ಸದ್ದಿನ ಲೆಕ್ಕಕ್ಕೆ ಸೇರಿಸಿಬಿಟ್ಟಿತು. ಇದೇ ಮುಂದೆ ಕುತ್ತಿಗೆಗೆ ಬಂತು ನೋಡಿ.

ಇನ್ನು ನನ್ನ ಸಂಗತಿ. ನಾನು ಆಳಂದದವಳು, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು. ಹೋದ ವರ್ಷ ಸೋಲಾಪುರದಿಂದ ಕಬ್ಬಿಣ ಕೊರೆಯುವ ಒಂದು ಹಳೆಯ ಕಂಪ್ಯೂಟರ್ ಯಂತ್ರ ನಮ್ಮ ವರ್ಕ್‌ಶಾಪಿಗೆ ಬಂತು. ಮೊದಲು ಲ್ಯಾಪ್‌ಟಾಪಿನ ಸಾಫ್ಟ್‌ವೇರಿನಲ್ಲಿ ಕೆಲಸದ ಚಿತ್ರ ಬರೆಯಬೇಕು. ಎಲ್ಲಿ ತೂತು, ಎಷ್ಟು ಆಳ, ಯಾವ ಹತಾರ, ನಿಮಿಷಕ್ಕೆ ಎಷ್ಟು ಸುತ್ತು ಎಲ್ಲ ಹೇಳಬೇಕು. ಹೇಳಿದ್ದನ್ನು ಯಂತ್ರ ಒಂದಕ್ಷರ ಬಿಡದೆ ಪಾಲಿಸುತ್ತದೆ. ತಪ್ಪು ಹೇಳಿದರೂ ಪಾಲಿಸುತ್ತದೆ, ಅಷ್ಟೇ ತೊಂದರೆ! ಯಂತ್ರದ ಒಳಗೆ ಹತಾರ ಇಡಲು ಎಂಟು ಗೂಡುಗಳಿವೆ. ಅತ್ತೆ ಅವನ್ನು ಮನೆ ಎನ್ನುತ್ತಾರೆ. ಒಂದನೇ ಮನೆ, ಎರಡನೇ ಮನೆ, ಹೀಗೆ.

ಸಾಫ್ಟ್‌ವೇರಿನಲ್ಲಿ ಪ್ರತಿ ಹತಾರಕ್ಕೂ ಒಂದು ಚೀಟಿ ತುಂಬಬೇಕು. ಮೊದಲ ಸಾಲೇ ಹೆಸರು. ಇಂಗ್ಲಿಷ್ ಹೆಸರು ಬೇಡವೆಂದು ಅತ್ತೆ ತಾವೇ ನಾಮಕರಣಕ್ಕೆ ಕೂತರು. ತೂತು ಬೀಳಬೇಕಾದ ಜಾಗಕ್ಕೆ ಮೊದಲು ಹೋಗಿ ಸಣ್ಣ ಗುರುತು ಮಾಡಿ ಬರುವ ಡ್ರಿಲ್ಲಿಗೆ "ನಡುವಿನವ" ಎಂದು ಹೆಸರಾಯಿತು. "ಸಂಬಂಧ ತೋರಸ್ತಾನ, ಪಕ್ಕಕ್ಕ ಸರೀತಾನ" ಎಂದು ವಿವರಣೆ. ದೊಡ್ಡ ಡ್ರಿಲ್ಲು "ಬೀಗ". "ಗದ್ದಲ ಭಾಳ ಮಾಡ್ತಾನ, ಚೂರು ಹಾರಸ್ತಾನ, ಆದ್ರ ದಾರಿ ಮಾಡಿ ಕೊಡಾವ ಅವನೇ." ಸೋಲಾಪುರದಿಂದ ಹೊಸದಾಗಿ ತರಿಸಿದ, ಹಳದಿ ಹೊಳಪಿನ ಹನ್ನೆರಡು ಮಿಲಿಮೀಟರ್ ಟ್ಯಾಪು "ಅಳಿಯ". ಯಾಕೆಂದು ಕೇಳಿದೆ. "ನೋಡಾಕ ಛಂದ. ಜರಾ ಹೆಚ್ಚು ಕಡಿಮಿ ಆದ್ರ ಮುರಕೋತಾನ!"

ಟ್ಯಾಪು ಎಂದರೆ ನೀರಿನ ನಲ್ಲಿಯಲ್ಲ. ಬೋಲ್ಟು ತಿರುಗಿ ಕೂರಲಿ ಎಂದು ತೂತಿನ ಒಳಗೆ ಹಲ್ಲು ಕೊರೆಯುವ ಹತಾರ. ಡ್ರಿಲ್ಲಿನ ಹಾಗೆ ನುಗ್ಗಿ ಬರುವಂತಿಲ್ಲ. ತಿರುಗುತ್ತ ಇಳಿಯಬೇಕು, ಅದೇ ಹಲ್ಲಿನಲ್ಲಿ ಹಿಂದಕ್ಕೆ ತಿರುಗುತ್ತ ಮೇಲೆ ಬರಬೇಕು. ಒಂದು ಸುತ್ತಿಗೆ ಎಷ್ಟು ಕೆಳಗಿಳಿಯಬೇಕು ಎಂಬುದೇ ಪಿಚ್. ಆ ಅಂಕಿ ತಪ್ಪಿದರೆ ಟ್ಯಾಪು ತೂತಿನೊಳಗೇ ಮುರಿಯುತ್ತದೆ. ಮುರಿದ ತುಂಡನ್ನು ಹೊರಗೆ ತೆಗೆಯಲು ಹೋದರೆ ತೂತೂ ಹಾಳು, ಸಾಮಾನೂ ಹಾಳು.

ಉಳಿದದ್ದು ಕಪ್ಪು ಬಣ್ಣದ ಅರ್ಧ ಇಂಚಿನ ಟ್ಯಾಪು. "ಇವತ್ತಲ್ಲ ನಾಳೆ ನಮ್ಮ ಮನಿಗೂ ಕಂಪ್ಯೂಟರ್ ಯಂತ್ರ ಬರ್ತದ" ಎಂದು ಮಾವನವರು ಎಂದೋ ತಂದು, ಎಣ್ಣೆ ಸವರಿ, ಹಳೆ ಧೋತರದ ತುಂಡಿನಲ್ಲಿ ಸುತ್ತಿಟ್ಟದ್ದು. ಒಮ್ಮೆಯೂ ಬಳಸಿರಲಿಲ್ಲ. ಅಫಜಲಪುರದಲ್ಲಿ ಶಾಲಾ ಮಾಸ್ತರರಾದ ನನ್ನ ಗಂಡ ಒಂದು ಐತಾರ ಊರಿಗೆ ಬಂದಾಗ ಆ ಗಂಟು ಬಿಚ್ಚಿದರು, ಕಣ್ಣು ಒರೆಸಿಕೊಂಡರು, ಲ್ಯಾಪ್‌ಟಾಪಿನ ಮುಂದೆ ಕೂತು ಆ ಟ್ಯಾಪಿನ ಹೆಸರಿನ ಜಾಗದಲ್ಲಿ ತಂದೆಯ ಹೆಸರನ್ನು ಪೂರ್ತಿಯಾಗಿ ಬರೆದರು. ಬರೆದು, ಮರುದಿನದ ಬಸ್ಸು ಹತ್ತಿ ಹೋಗಿಬಿಟ್ಟರು. ಗಂಡಸರ ಕೆಲಸವೇ ಹೀಗೆ! ವರ್ಕ್‌ಶಾಪಿನಲ್ಲಿ ಉಳಿದದ್ದು ಇಬ್ಬರು ಹೆಂಗಸರು, ಇಬ್ಬರೂ ಆ ಹತಾರದ ಹೆಸರು ಹೇಳುವಂತಿಲ್ಲ!

"ಹೆಸರು ಬದಲಸೋಣೇನ್ರಿ ಅತ್ತಿ?" ಎಂದೆ.

"ಮಗ ಇಟ್ಟ ಹೆಸರು ಅಳಸ್ತಿಯೇನ ಬೇ?"

"ಹಂಗಾರ ಆ ಜಾಗ ಖಾಲಿ ಬಿಡೋಣ?" ಎಂದು ಖಾಲಿ ಬಿಟ್ಟು ನೋಡಿದೆ. ಸಾಫ್ಟ್‌ವೇರು ಕೆಂಪು ಗುರುತು ತೋರಿಸಿ ಹಟ ಹಿಡಿಯಿತು. ಹೆಸರಿಲ್ಲದೆ ಮುಂದೆ ಹೋಗುವುದೇ ಇಲ್ಲ.

ಅತ್ತೆಗೆ ರೇಗಿತು. "ಇದನ್ನ ಮಾಡಿದಾವನ ಹೆಣ್ತಿ ಅವನ ಹೆಸರ ಹಿಡಿದು ಕರೀತಾಳೇನೋ! ಅದಕ್ಕ ಇದಕ್ಕ ಇಷ್ಟು ಧಿಮಾಕು!"

ಅಂದಿನಿಂದ ಆ ಟ್ಯಾಪು ನಮ್ಮಿಬ್ಬರ ಬಾಯಲ್ಲಿ "ಅವ್ರು" ಆಯಿತು. ಅವರಿಗೆ ಎಣ್ಣೆ ಹಚ್ಚು, ಅವರನ್ನು ಒರೆಸಿಡು, ಅವರ ಮೇಲೆ ಏನೂ ಇಡಬೇಡ. ಚೀಟಿ ತುಂಬುವಾಗ "ಅತ್ತಿ, ಅವರ ಪಿಚ್ ಎಷ್ಟ್ರಿ?" ಎಂದು ಕೇಳಿದೆ. "ಹನ್ನೆರಡು" ಎಂದರು. ಹನ್ನೆರಡು ಒತ್ತಿದೆ. ಪರದೆಯ ಮೇಲೆ ಕೆಲಸದ ನಕಲು ಓಡಿಸಿ ನೋಡಿದರೆ, ಟ್ಯಾಪು ಬಾವಿಗೆ ಕಲ್ಲು ಬಿದ್ದಂತೆ ದುಡುಮ್ಮನೆ ತೂತಿಗೆ ಬಿತ್ತು.

"ತಡೀ!" ಎಂದರು ಅತ್ತೆ. "ಅವ್ರು ಹಿಂಗ ಓಡೋ ಮನಷ್ಯಾರಲ್ಲ!"

"ಅತ್ತಿ, ಇದು ಟ್ಯಾಪು ರೀ."

"ಟ್ಯಾಪೇ ಆಗ್ಲಿ. ನಡಗಿ ತಪ್ಪ್ಯಾದ. ಬಸ್ಸು ಬಿಟ್ಟು ಹೋಗಾಕತ್ರೂ ಅವ್ರು ಓಡಿದವರಲ್ಲ."

ನಗು ಬಂತು. ಆದರೆ ಲೆಕ್ಕ ಮತ್ತೆ ನೋಡಿದರೆ ಅತ್ತೆಯ ಮಾತೇ ಸರಿ. ಅತ್ತೆಯ ಹನ್ನೆರಡು ಎಂದರೆ ಒಂದು ಇಂಚಿಗೆ ಹನ್ನೆರಡು ಹಲ್ಲು. ಸಾಫ್ಟ್‌ವೇರು ಕೇಳುತ್ತಿದ್ದದ್ದು ಒಂದು ಸುತ್ತಿಗೆ ಎಷ್ಟು ಮಿಲಿಮೀಟರ್ ಎಂದು. ಇಂಚಿನ ಇಪ್ಪತ್ತೈದು ಪಾಯಿಂಟ್ ನಾಲ್ಕನ್ನು ಹನ್ನೆರಡರಿಂದ ಭಾಗಿಸಿದರೆ ಬರುವುದು ಎರಡು ಮತ್ತು ಸ್ವಲ್ಪ! ತಿದ್ದಿ ಮತ್ತೆ ಓಡಿಸಿದೆ. ಈ ಸಲ ಪರದೆಯ ಮೇಲೆ ಟ್ಯಾಪು ಮೆಲ್ಲಗೆ, ಒಂದೊಂದೇ ಸುತ್ತು ಇಳಿಯಿತು. "ಹಾಂ, ಇವ್ರೇ ನೋಡು" ಎಂದು ಅತ್ತೆ ಲ್ಯಾಪ್‌ಟಾಪಿನ ಮುಂದೆ ತಲೆಯ ಮೇಲೆ ಸೆರಗು ಹೊದ್ದುಕೊಂಡರು.

ಇಲ್ಲಿಯವರೆಗೆ ನಗುವಿನ ಮಾತು. ಮುಂದೆ ನಡೆದದ್ದು ಹಾಗಲ್ಲ.

ಹೋದ ಸುಗ್ಗಿಯಲ್ಲಿ ಒಂದು ಶುಕ್ರವಾರ ಕರಜಗಿಯಿಂದ ಒಬ್ಬ ಚಾಚಾ ಟೆಂಪೊದಲ್ಲಿ ಒಂದು ದೊಡ್ಡ ಎರಕದ ಪೆಟ್ಟಿಗೆ ಹೇರಿಕೊಂಡು ಬಂದರು. ಅವರ ಕಬ್ಬಿನ ಗಾಣದ ಗೇರ್‌ಬಾಕ್ಸು ಒಡೆದುಹೋಗಿತ್ತು. ಸೋಲಾಪುರದಲ್ಲಿ ಹೊಸ ಪೆಟ್ಟಿಗೆ ಎರಕ ಹೊಯ್ಯಿಸಿದ್ದರು. ಅದರ ಬಾಯಿಯ ಸುತ್ತ ಎಂಟು ತೂತು ಕೊರೆದು ಅರ್ಧ ಇಂಚಿನ ಹಲ್ಲು ಹಾಕಬೇಕು.

"ಅಮ್ಮಾ, ಇದೊಂದೇ ನಗ ಅದರಿ, ಎರಡನೇದಿಲ್ಲ. ಇದನ್ನ ಹೊಯ್ದ ಮ್ಯಾಲ ಕಟಗಿ ಅಚ್ಚೇ ಮುರದು ಹೋಗ್ಯಾದ. ಖರಾಬ್ ಆತಂದ್ರ ಖತಂ. ಕಬ್ಬು ಕಡದು ಒಟ್ಟೇನ್ರಿ, ಒಣಗಾಕತ್ತ್ಯಾದ" ಎಂದರು. ಅವರ ಕಣ್ಣು ಆ ಪೆಟ್ಟಿಗೆಯನ್ನು ಬಿಟ್ಟು ಅಲುಗುತ್ತಿರಲಿಲ್ಲ. ಬೇರೆ ಎರಡು ಕಡೆ ಈ ಕೆಲಸ ಒಲ್ಲೆವೆಂದಿದ್ದರಂತೆ.

"ಯಾವಾಗ ಬೇಕ್ರಿ?" ಎಂದರು ಅತ್ತೆ.

"ಸೋಮವಾರ ಗಾಣ ಚಾಲೂ ಆಗಬೇಕ್ರಿ."

"ಐತಾರದ ಮರುದಿನ ಚಾಲೂ ಆಗ್ತದ, ಹೋಗ್ರಿ."

"ಐತಾರ ಅಲ್ರಿ ಅಮ್ಮಾ, ಸೋಮವಾರ."

"ಅದನ್ನೇ ಹೇಳಾಕತ್ತೇನಿ. ಐತಾರದ ಮರುದಿನ!"

ಚಾಚಾ ಬೆರಳು ಮಡಚಿ ಎಣಿಸಿ ನೋಡಿ ಸಮಾಧಾನಪಟ್ಟರು.

ಅವರು ಹೋದ ಮೇಲೆ ಅತ್ತೆ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದರು. ಆ ಯಂತ್ರದ ಮೇಲೆ ನಾನು ಆಗಲೇ ಎರಡು ಸಾಮಾನು ಕೆಡಿಸಿದ್ದೆ. "ಇಬ್ಬರು ಹೆಂಗಸರು, ಏನು ಮಾಡ್ಯಾರು?" ಎಂಬ ಮಾತು ಬಜಾರಿನಲ್ಲಿ ಓಡಾಡುತ್ತಿದ್ದದ್ದು ನಮ್ಮಿಬ್ಬರಿಗೂ ಗೊತ್ತಿತ್ತು.

"ಕೇಳಿಲ್ಲಿ" ಎಂದರು ಅತ್ತೆ. "ಇದು ಕೆಟ್ಟರ ನಾ ಶಟರ್ ಎಳೀತೇನಿ. ಮತ್ತ ಎತ್ತಂಗಿಲ್ಲ. ಬಾಗಲಾ ಮ್ಯಾಲ ಅವರ ಹೆಸರು ಬರದದ. ಮಂದೀ ಸಾಮಾನು ಕೆಡಸಿ ಆ ಹೆಸರಿಗೆ ಮಣ್ಣು ಹಚ್ಚಾಕ ನನ್ನಿಂದ ಆಗಂಗಿಲ್ಲ."

ಅತ್ತೆ ದಿನಕ್ಕೆ ನೂರು ಮಾತು ಆಡುತ್ತಾರೆ, ಆದರೆ ಹೀಗೆ ನಿಧಾನವಾಗಿ ಆಡಿದ ಮಾತು ಹಿಂದಕ್ಕೆ ಹೋಗುವುದಿಲ್ಲ. ಆ ಎಣ್ಣೆ ವಾಸನೆಯ ವರ್ಕ್‌ಶಾಪು ನನಗೆ ಬೇಕಾಗಿತ್ತು. ಅದು ಮುಚ್ಚಿದರೆ ಅತ್ತೆ ಏನಾಗುತ್ತಾರೆ ಎಂದು ಯೋಚಿಸಲೂ ನನಗೆ ಧೈರ್ಯವಾಗಲಿಲ್ಲ.

ಶನಿವಾರ ಬೆಳಿಗ್ಗೆ ಚಾಚಾ ಮತ್ತೆ ಹಾಜರ್. ಪೆಟ್ಟಿಗೆಯನ್ನು ಯಂತ್ರದ ಮೇಜಿಗೆ ಬಿಗಿದು, ಲ್ಯಾಪ್‌ಟಾಪಿನಲ್ಲಿ ಅಂಕಿಗಳನ್ನು ಆರು 
ಸಲ ನೋಡಿದೆ. ತೂತಿನ ಜಾಗ ಸರಿ, ಆಳ ಸರಿ, ಪಿಚ್ ಎರಡು ಮತ್ತು ಸ್ವಲ್ಪ, ಸರಿ. ಇನ್ನು ಹತಾರಗಳನ್ನು ಮನೆ ಸೇರಿಸುವುದು. ನಡುವಿನವನನ್ನು ಒಂದನೇ ಮನೆಗೆ, ಬೀಗನನ್ನು ಮೂರನೇ ಮನೆಗೆ ಹಾಕಿದೆ. ತಟ್ಟೆಯಲ್ಲಿ ಟ್ಯಾಪುಗಳೆರಡೂ ಪಕ್ಕಪಕ್ಕ ಮಲಗಿದ್ದವು.

ಆ ದಿನ ನನ್ನ ನಾದಿನಿಯ ಗಂಡ, ಎಂದರೆ ಅತ್ತೆಯ ನಿಜವಾದ ಅಳಿಯ, ಘತ್ತರಗಿಗೆ ಹೋಗಿ ದೇವಿಯ ದರ್ಶನ ಮಾಡಿಕೊಂಡು ನಮ್ಮಲ್ಲಿ ಊಟಕ್ಕೆ ಬರುವವರಿದ್ದರು. ಅಳಿಯನಿಗೂ ಅತ್ತೆ ಬಹುವಚನದ ಗೌರವವನ್ನೇ ಕೊಡುತ್ತಾರೆ. ಆ ಕಡೆ ಹತಾರಕ್ಕೆ ಸಾಣೆ ಹಿಡಿಯುತ್ತ, ಬೆನ್ನು ತಿರುಗಿಸಿಯೇ, ಒಂದೇ ಉಸಿರಿನಲ್ಲಿ ಹೇಳಿದರು: "ಅವ್ರು ಬಿಸಲಾಗ ಬರ್ತಾರ, ಮಜ್ಜಿಗಿ ಮಾಡಿಡಬೇಕು. ಅವರಿಗೆ ಹೋಳಿಗಿ ಆಗಬೇಕು. ಅವರನ್ನ ಆರನೇ ಮನ್ಯಾಗ ಕುಂದರಸು."

ಈಗ ಹೇಳಿ, ಮೊದಲನೆಯ ಅವರು ಯಾರು, ಎರಡನೆಯ ಅವರು ಯಾರು, ಮೂರನೆಯ ಅವರು ಯಾರು? ನಿಮಗೆ ತಿಳಿಯಿತು. ನೀವು ಕೂತು ಓದುತ್ತಿದ್ದೀರಿ. ನನ್ನ ತಲೆಯಲ್ಲಿ ಅಂಕಿಗಳು ಓಡುತ್ತಿದ್ದವು, ಕಿವಿಯಲ್ಲಿ ಅಳಿಯ, ಹೋಳಿಗೆ, ಮಜ್ಜಿಗೆ. ಕೈ ತಾನಾಗಿಯೇ ಅಳಿಯನನ್ನು ಎತ್ತಿ ಆರನೇ ಮನೆಯಲ್ಲಿ ಕೂರಿಸಿತು. ಸಾಫ್ಟ್‌ವೇರಿನ ಪ್ರಕಾರ ಆರನೇ ಮನೆಯಲ್ಲಿದ್ದವರು ಮಾವ. ಯಂತ್ರದ ಒಳಗೆ ಇದ್ದದ್ದು ಅಳಿಯ. ಅವನ ದಪ್ಪ ಬೇರೆ, ಹಲ್ಲು ಬೇರೆ, ಪಿಚ್ ಬೇರೆ. ನಾನು ಯಂತ್ರದ ಗಾಜಿನ ಬಾಗಿಲು ಹಾಕಿದೆ.

ಯಂತ್ರ ಶುರುವಾಯಿತು. ನಡುವಿನವ ಎಂಟು ಕಡೆ ಗುರುತು ಮಾಡಿ ಬಂದ. ಬೀಗ ಇಳಿದ. ಚಾಚಾ ಗಾಜಿಗೆ ಮೂಗು ಒತ್ತಿ ನಿಂತು ಬಾಯೊಳಗೆ ಏನೋ ಓದಿಕೊಳ್ಳುತ್ತಿದ್ದರು. ಒಂದು, ಎರಡು, ಮೂರು... ಎಂಟು. ತೂತುಗಳು ಕನ್ನಡಿಯ ಹಾಗೆ ಬಂದವು. ಇನ್ನು ಟ್ಯಾಪು.

ಇಲ್ಲಿ ನಮ್ಮ ಅತ್ತೆಯ ಇನ್ನೊಂದು ಕಾನೂನು ಇದೆ. ಟ್ಯಾಪು ಒಳಗೆ ಹೋಗುವಾಗ ವರ್ಕ್‌ಶಾಪಿನಲ್ಲಿ ಯಾರೂ ಉಸಿರು ಬಿಡಬಾರದು! ಚಾಚಾನಿಗೂ ಅಪ್ಪಣೆಯಾಯಿತು. "ಅದು ಹೊರಗ ಬರೋತನಕ ಉಸರು ಹಿಡೀರಿ."

"ಎಂಟು ತೂತು ಅದಾವಲ್ರಿ ಅಮ್ಮಾ!" ಎಂದು ಚಾಚಾ ಗಾಬರಿಯಾದರು.

"ಒಂದಕ್ಕೊಂದು ಸಲ. ನಡಬರಕ ಬಿಟ್ಟು ತಗೋರಿ."

ಅಷ್ಟು ಹೇಳಿ ಅತ್ತೆ ಶಟರಿನ ಹತ್ತಿರ ಹೋಗಿ ಬೀದಿಗೆ ಮುಖ ಮಾಡಿ ನಿಂತರು. "ಅವ್ರು ಮೊದಲ ಸಲ ಕೆಲಸಕ್ಕ ಹೊಂಟಾರ. ನನಗ ನೋಡಾಕ ಆಗಂಗಿಲ್ಲ" ಎಂದರು.

ಕೆಡಬಾರದೆಂದು ನಾನು ಯಂತ್ರವನ್ನು ಒಂದೊಂದೇ ಹೆಜ್ಜೆಯ ಕ್ರಮಕ್ಕೆ ಹಾಕಿದ್ದೆ. ಹಸಿರು ಗುಂಡಿ ಒತ್ತಿದರೆ ಒಂದು ಹೆಜ್ಜೆ, ಮತ್ತೆ ಒತ್ತಿದರೆ ಇನ್ನೊಂದು. ಒತ್ತಿದೆ. ಆರನೇ ಮನೆ ತಿರುಗಿ ಬಂತು. ಒತ್ತಿದೆ. ಟ್ಯಾಪು ಸರಸರನೆ ಬಂದು ಮೊದಲನೆಯ ತೂತಿನ ನೆತ್ತಿಯ ಮೇಲೆ ಎರಡು ಸೂತು ಮೇಲಕ್ಕೆ ನಿಂತಿತು. ಇನ್ನೊಂದು ಸಲ ಒತ್ತಿದರೆ ಒಳಗೆ. ಚಾಚಾ ಗಲ್ಲ ಉಬ್ಬಿಸಿ ಉಸಿರು ಹಿಡಿದರು. ಪಕ್ಕದಲ್ಲಿ ಗಿರಣಿ ಗುರ್ ಎನ್ನುತ್ತಿತ್ತು, ನಮ್ಮ ಗಾಳಿಯ ಕಂಪ್ರೆಸರು ಬಡಿದುಕೊಳ್ಳುತ್ತಿತ್ತು. ನಾನು ಹಸಿರು ಗುಂಡಿಯ ಮೇಲೆ ಬೆರಳಿಟ್ಟೆ.

ಹಿಂದಿನಿಂದ "ತಡೀ!" ಎಂದು ಕೇಳಿತು. ಇದ್ದದ್ದೇ ಎಂದುಕೊಂಡೆ.

"ತಡೀ ಬೇ! ಅವರಲ್ಲ! ಅವರಲ್ಲ ಅದು!"

ಓಹೋ, ಯಾರೋ ಬಂದರು, ಅಳಿಯ ಅಲ್ಲ ಬೇರೆಯವರಿರಬೇಕು ಎಂದುಕೊಂಡೆ. ಕಣ್ಣು ಕೀಳದೆಯೇ "ಯಾರೇ ಆಗ್ಲಿ, ಕುಂದರಸ್ರಿ ಅತ್ತಿ, ಬಂದೆ" ಎಂದು ಕೂಗಿದೆ. ಬೆರಳು ಗುಂಡಿಯನ್ನು ಅದುಮಲು ಶುರು ಮಾಡಿತ್ತು.

"ಸೋಮಲಿಂಗಪ್ಪ ಅಲ್ಲ ಅದು! ಸೋಮಲಿಂಗಪ್ಪಾ!"

ಗಿರಣಿಯ ಸದ್ದನ್ನೂ ಕಂಪ್ರೆಸರಿನ ಸದ್ದನ್ನೂ ಸೀಳಿಕೊಂಡು ಬಂತು ಆ ಹೆಸರು. ನನ್ನ ಬೆರಳು ಬೆಂಕಿ ತಾಗಿದಂತೆ ಗುಂಡಿಯಿಂದ ಹಾರಿತು. ಬೇರೆ ಯಾವ ಶಬ್ದ ಕೂಗಿದ್ದರೂ ನಾನು ಒತ್ತಿಬಿಡುತ್ತಿದ್ದೆ, ದೇವರಾಣೆ. ತಿರುಗಿ ನೋಡಿದೆ. ಅತ್ತೆ ಓಡಿ ಬರುತ್ತಿದ್ದರು. ತಲೆಯ ಮೇಲಿನ ಸೆರಗು ಬಿದ್ದಿತ್ತು, ಒಂದು ಕೈ ಬಾಯಿಯ ಮೇಲಿತ್ತು. ನೋಡುವುದಿಲ್ಲ ಎಂದವರು ತಡೆಯಲಾರದೆ ಒಮ್ಮೆ ಹೊರಳಿ ನೋಡಿದ್ದರು. ಅಷ್ಟು ದೂರದಿಂದ ಗಾಜಿನ ಒಳಗಿನ ಹಳದಿ ಹೊಳಪು ಕಂಡಿತ್ತು. ಅವರ ಅವರು ಕಪ್ಪು.

ಒಂದೇ ಒಂದು ಒತ್ತು. ಮಾವನವರ ನಡಿಗೆಯಲ್ಲಿ ಅಳಿಯ ಇಳಿಯುತ್ತಿದ್ದ, ಒಂದೆರಡು ಸುತ್ತಿನಲ್ಲೇ ಮುರಿಯುತ್ತಿದ್ದ. ಪೆಟ್ಟಿಗೆ ಹೋಗುತ್ತಿತ್ತು, ಶಟರು ಕೆಳಗೆ ಬರುತ್ತಿತ್ತು. ಅತ್ತೆ ತಟ್ಟೆಯಿಂದ ಕಪ್ಪು ಟ್ಯಾಪನ್ನು ಎತ್ತಿ ನನ್ನ ಕೈಗೆ ಕೊಟ್ಟರು.

ಆಗ ಪಕ್ಕದಿಂದ ಒಂದು ಕ್ಷೀಣ ಸ್ವರ ಬಂತು. "ಅಮ್ಮಾ... ಉಸರು ಬಿಡ್ಲೇನ್ರಿ?" ಚಾಚಾನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು!

ಹತಾರ ಬದಲಿಸಿ, ಅದರ ಉದ್ದ ಮತ್ತೆ ಅಳೆದು, ಮತ್ತೆ ಶುರು ಮಾಡಿದೆವು. ಈ ಸಲ ಅತ್ತೆ ನನ್ನ ಪಕ್ಕದಲ್ಲೇ ನಿಂತರು. ಟ್ಯಾಪು ತಿರುಗುತ್ತ ಇಳಿಯಿತು, ತಳ ಮುಟ್ಟಿತು, ಹಿಂದಕ್ಕೆ ತಿರುಗುತ್ತ ಎದ್ದು ಬಂತು. ನಾವು ಮೂವರೂ ಒಟ್ಟಿಗೆ ಉಸಿರು ಬಿಟ್ಟೆವು. ಹೀಗೆ ಎಂಟು ಸಲ. ಚಾಚಾ ತಮ್ಮ ಹಳೆಯ ಬೋಲ್ಟನ್ನು ತಂದು ಒಂದೊಂದೇ ತೂತಿಗೆ ಎರಡು ಬೆರಳಲ್ಲಿ ತಿರುಗಿಸಿ ನೋಡಿದರು. ಎಂಟಕ್ಕೆ ಎಂಟೂ ತಡೆಯಿಲ್ಲದೆ ಕೂತವು. "ಯಾ ಅಲ್ಲಾ" ಎಂದು ಅವರು ಪೆಟ್ಟಿಗೆಯನ್ನು ಎಳೆಗರುವನ್ನು ಸವರುವ ಹಾಗೆ ಸವರಿದರು. ಟೆಂಪೊ ಕರಜಗಿಯ ದಾರಿ ಹಿಡಿಯಿತು.

ಅಷ್ಟರಲ್ಲಿ ನಿಜವಾದ ಅಳಿಯ ಬಂದರು. ಅತ್ತೆ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ ಅವರನ್ನು ಎಂಥ ಗುಮಾನಿಯಿಂದ ನೋಡುತ್ತಿದ್ದರೆಂದರೆ, ಪಾಪ, ಆ ಮನುಷ್ಯ ಮೂರನೆಯ ಹೋಳಿಗೆ ಕೇಳಲಿಲ್ಲ.

ಅವರು ಹೋದ ಮೇಲೆ ವರ್ಕ್‌ಶಾಪಿನಲ್ಲಿ ನಾವಿಬ್ಬರೇ. ಅತ್ತೆ ಬೋರಲು ಹಾಕಿದ ಎಣ್ಣೆ ಡಬ್ಬಿಯ ಮೇಲೆ ಕೂತಿದ್ದರು. ನನಗೆ ಬಚಾವಾದ ಖುಷಿ, ನಾಲಿಗೆ ತುರಿಸುತ್ತಿತ್ತು.

"ಅತ್ತಿ, ಹೆಸರು ಹೇಳೇ ಬಿಟ್ರಿ! ಗಿರಣಿಯವರೆಲ್ಲ ಕೇಳ್ಯಾರ. ಈಗ ಏನು ತಪ್ಪುಕಾಣಿಕಿ ಕೊಡ್ತೀರಿ?"

ಅತ್ತೆ ನಗಲಿಲ್ಲ. ಆ ಕಪ್ಪು ಟ್ಯಾಪನ್ನು ಸೆರಗಿನಿಂದ ಒರೆಸಿದರು.

"ಅವತ್ತ ನಾ ಅಲ್ಲೇ ಇದ್ದೆ" ಎಂದರು.

ಮಾವನವರು ಲಾರಿಗೆ ಸಿಕ್ಕಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ಅತ್ತೆ ಅಲ್ಲಿದ್ದರು ಎಂದು ಈ ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ.

"ಬಸ್‌ಸ್ಟ್ಯಾಂಡಿನ ಮುಂದ. ಅವ್ರು ಆ ಕಡಿ ಇಳದು ರಸ್ತಾ ದಾಟಾಕತ್ತಿದ್ರು. ಲಾರಿ ಹಿಂದ ಸರಕೋತ ಬರಾಕತ್ತಿತ್ತು. ನನಗ ಕಂಡಿತ್ತು, ಅವರಿಗೆ ಕಂಡಿಲ್ಲ. ರೀ, ರೀ ಅಂತ ಒದರಿದೆ. ತಡೀರಿ ಅಂತ ಒದರಿದೆ. ನಾಕು ಮಂದಿ ಗಂಡಸರು ಹೊಳ್ಳಿ ನೋಡಿದ್ರು ಬೇ. ಅವ್ರೊಬ್ಬರು ನೋಡ್ಲಿಲ್ಲ. ಯಾರ ಹೆಣ್ತಿಯೋ ಯಾರನ್ನೋ ಕರೀತಾಳ ಅಂದ್ಕೊಂಡಿರಬೇಕು." ಅತ್ತೆ ಗಂಟಲ ಮೇಲೆ ಬೆರಳಿಟ್ಟರು. "ಹೆಸರು ಇಲ್ಲೀತನಕ ಬಂದಿತ್ತು. ಅಷ್ಟು ಮಂದ್ಯಾಗ ಹ್ಯಾಂಗ ಅಂತ ನುಂಗಿದೆ."

ನನಗೆ ಅಳು ಒತ್ತರಿಸಿ ಬಂತು. ನಾಲ್ಕು ವರ್ಷ ಈ ಹೆಂಗಸಿನ ಮಾತನ್ನು ಆಡಿ ತೋರಿಸಿ ಊರನ್ನೆಲ್ಲ ನಗಿಸಿದ್ದೇನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಅವರ ಕಾಲ ಬಳಿ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅತ್ತೆ ಅಳಲಿಲ್ಲ, ನನ್ನ ತಲೆಯ ಮೇಲೆ ಎಣ್ಣೆಗೈ ಇಟ್ಟರು.

ಆಮೇಲೆ ಕೇಳಿದರು, "ಅವನ ಬಸ್ಸು ಎಷ್ಟಕ್ಕ ಬರ್ತದ?"

ಶನಿವಾರ ಬೆಳಗಿನ ಶಾಲೆ. ನನ್ನ ಗಂಡ ಮಧ್ಯಾಹ್ನವೇ ಬರುತ್ತಾರೆ. "ಮೂರಕ್ಕ ರೀ" ಎಂದೆ.

"ಇವತ್ತಿಂದ ನೀ ಅವನ ಹೆಸರ ಹಿಡಿದು ಕರಿ."

"ಅಯ್ಯ ಅತ್ತೀ! ಮಂದಿ ನಗ್ತಾರ್ರಿ."

"ನಗಲಿ."

"ನಿಮ್ಮ ಮುಂದ ಹ್ಯಾಂಗ ಕರೀಲಿ?"

"ನನ್ನ ಮುಂದೇ ಕರಿ. ಜೋರಾಗಿ ಕರಿ. ನನಗ ಕೇಳಬೇಕು."

ಮೂರು ಗಂಟೆಗೆ ಬಸ್ಸು ರಸ್ತೆಯ ಆಚೆ ಬದಿಗೆ ನಿಂತು ಹೋಯಿತು. ಹೆಗಲಿಗೆ ಚೀಲ ಹಾಕಿಕೊಂಡು, ಮೊಬೈಲು ನೋಡುತ್ತ, ನನ್ನ ಗಂಡ ರಸ್ತೆಯ ಅಂಚಿಗೆ ಬಂದರು. ಶಟರಿನ ಕೆಳಗೆ ನಾನು ನಿಂತಿದ್ದೆ. ಅತ್ತೆ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಒಮ್ಮೆ ಬಾಯಿ ತೆರೆದೆ, ಮುಚ್ಚಿದೆ. ಅತ್ತೆಯ ಹಿಡಿತ ಇನ್ನೂ ಬಿಗಿಯಾಯಿತು.

"ಸಂಗಮೇಶಾ!"

ಗಿರಣಿಯ ಹೆಂಗಸರು ಹಿಟ್ಟಿನ ಮುಖ ಹೊರಗೆ ಹಾಕಿದರು. ಡಾಂಬರಿನ ಮೇಲೆ ಒಂದು ಕಾಲಿಟ್ಟಿದ್ದ ನನ್ನ ಗಂಡ ಗಕ್ಕನೆ ಆ ಕಾಲನ್ನು ಹಿಂದಕ್ಕೆ ತೆಗೆದು, ತಲೆಯೆತ್ತಿ, ಬೆರಗಾಗಿ ನನ್ನನ್ನೇ ನೋಡಿದರು. ಅವರ ಮುಂದಿನಿಂದ ಒಂದು ಟಿಪ್ಪರು ಧೂಳೆಬ್ಬಿಸಿಕೊಂಡು ಹಾದುಹೋಯಿತು. ಧೂಳು ಇಳಿಯುವವರೆಗೂ ಅತ್ತೆ ನನ್ನ ಮೊಣಕೈ ಬಿಡಲಿಲ್ಲ.

"ನಿಂತ ನೋಡು" ಎಂದರು.